ಬಾಯಿಬಿಡದ ಬಸುರಿ

ತುಮಕೂರಿನ ಬಟವಾಡಿಯ ಚನ್ನೇಶನಿಗೆ ಮೀನಿನ ಹುಚ್ಚು ಹತ್ತಿದ್ದು ಹಲ್ಲುನೋವಿನಿಂದ. (ಹಲ್ಲುನೋವು ಬಂದರೆ ಕೆಲವರಿಗೆ ವೈರಾಗ್ಯ ಬರುತ್ತದಂತೆ. ಚನ್ನೇಶನಿಗೆ ಮೀನು ಬಂತು.) ದವಡೆ ಹಿಡಿದುಕೊಂಡು ಡಾಕ್ಟರ ಬಾಗಿಲಲ್ಲಿ ಸರದಿ ಕಾಯುತ್ತಿದ್ದಾಗ, ಎದುರಿನ ಗಾಜಿನ ತೊಟ್ಟಿಯಲ್ಲಿ ನಿಂಬೆಹಣ್ಣಿನ ಬಣ್ಣದ ಮೀನುಗಳು ಒಂದನ್ನೊಂದು ಅಟ್ಟಾಡಿಸುತ್ತಿದ್ದವು. ನೋಡುತ್ತ ಕೂತವನಿಗೆ ತನ್ನ ಹೆಸರು ಕರೆದದ್ದೂ ಕೇಳಿಸಲಿಲ್ಲ. ಹಲ್ಲು ಕೀಳಿಸಿಕೊಂಡು ಈಚೆ ಬಂದವನು ಬಾಯಲ್ಲಿ ಹತ್ತಿ ಕಚ್ಚಿಕೊಂಡೇ, ಇವು ಎಲ್ಲಿ ಸಿಗುತ್ತವೆ ಎಂದು ಕೈಸನ್ನೆಯಲ್ಲಿ ವಿಚಾರಿಸಿದ.

ಮರುದಿನ ಸಂಜೆ ಮನೆಯ ಹಾಲಿನಲ್ಲಿ ಟಿ.ವಿ. ಇದ್ದ ಜಾಗದಲ್ಲಿ ದೊಡ್ಡದೊಂದು ಟ್ಯಾಂಕಿನ ಪ್ರತಿಷ್ಠಾಪನೆಯಾಯಿತು. ಟಿ.ವಿ. ಅಡುಗೆಮನೆಗೆ ವನವಾಸ ಹೋಯಿತು.

"ಇದೇನ್ರೀ ಅವತಾರ?" ಎಂದಳು ಹೆಂಡತಿ ಸರ್ವಮಂಗಳ.

"ಸಿಕ್ಲಿಡ್ ಕಣೇ. ಆಫ್ರಿಕಾದ್ದು."

"ಹೆಸರಲ್ಲೇ ಸಿಕ್ಕು. ಎಲ್ಲಾ ಬಿಟ್ಟು ಲಿಂಗಾಯತರ ಮನೆಗೆ ಮೀನು ತಂದಿದೀರಲ್ಲ, ನಮ್ಮಪ್ಪ ನೋಡಿದ್ರೆ ಏನಂತಾರೆ?"

"ತಿನ್ನೋಕಲ್ವಲ್ಲೇ, ನೋಡೋಕೆ!"

ಸರ್ವಮಂಗಳ ಮೀನಿನ ಆಹಾರದ ಡಬ್ಬಿಯನ್ನು ಮೂಸಿ ನೋಡಿದಳು. ಒಣಸೀಗಡಿಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಡಬ್ಬಿ ಆ ಕ್ಷಣವೇ ಸ್ಕೂಟರಿನ ಡಿಕ್ಕಿ ಸೇರಿತು. "ಇದು ಹೊಸಿಲು ದಾಟಿ ಒಳಗೆ ಬರಕೂಡದು. ಇನ್ನೊಂದು ಮಾತು. ಜೀವ ಇರೋದನ್ನ ಮನೆಗೆ ತಂದಿದೀರ. ನಿಮ್ಮ ಬೇಜವಾಬ್ದಾರಿಗೆ ಇದ್ರಲ್ಲಿ ಒಂದು ಸತ್ರೂ ಮಿಕ್ಕಿದ್ದೆಲ್ಲ ಅಂಗಡಿಗೆ ವಾಪಸ್. ಆ ಟ್ಯಾಂಕಲ್ಲಿ ನಾನು ಕೊತ್ತಂಬರಿ ಹಾಕ್ತೀನಿ."

ಚನ್ನೇಶ ಅಶೋಕ ರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಊರಿನ ಅರ್ಧ ಜನರ ದೃಷ್ಟಿದೋಷ ತಿದ್ದಿದ್ದೇನೆಂಬ ಹೆಮ್ಮೆಯಿದ್ದವನಿಗೆ ಮೀನೆಂದರೆ ಯಾವ ಲೆಕ್ಕ? ಅತಿಥಿಗಳಿಗೆ ಬೋರ್‌ವೆಲ್ ನೀರು ಕೊಡುವುದು ಮರ್ಯಾದೆಯಲ್ಲವೆಂದು ಫಿಲ್ಟರ್ ನೀರನ್ನೇ ಬಿಂದಿಗೆಯಲ್ಲಿ ಹೊತ್ತು ತಂದು ಟ್ಯಾಂಕು ತುಂಬಿಸಿದ, ದಿನಾ ಅಷ್ಟಷ್ಟು ಬದಲಿಸಿದ. ಕುಡಿಯುವ ನೀರು ದಿನಾ ಮಧ್ಯಾಹ್ನಕ್ಕೇ ಮುಗಿಯತೊಡಗಿತು. ಸರ್ವಮಂಗಳ ಬೋರ್ ನೀರು ಕಾಯಿಸಿ ಸೋಸಿ ಕುಡಿಯುತ್ತ, "ಮುಂದಿನ ಜನ್ಮದಲ್ಲಿ ನಮ್ಮನೇಲೇ ಮೀನಾಗಿ ಹುಟ್ಟಿಸಪ್ಪಾ ಸಿದ್ಧಲಿಂಗೇಶ್ವರ" ಎಂದು ಯಡಿಯೂರಿನ ದಿಕ್ಕಿಗೆ ಕೈಮುಗಿದಳು.

ಇಷ್ಟು ಸತ್ಕಾರ ಪಡೆದರೂ ಅತಿಥಿಗಳ ಬಣ್ಣ ಇಳಿಯತೊಡಗಿತು. ನಿಂಬೆಹಣ್ಣಿನಂತಿದ್ದವು ಹಳೇ ಬನಿಯನ್ನಿನಂತಾದವು. ರೆಕ್ಕೆ ಮುದುರಿಕೊಂಡು ಮೂಲೆಯಲ್ಲಿ ನಿಂತವು. ಚನ್ನೇಶ ಗಾಬರಿಯಾಗಿ ಮೊಬೈಲಿನಲ್ಲಿ ಮೀನು ಸಾಕುವವರ ಗುಂಪೊಂದಕ್ಕೆ ಸೇರಿ ಫೋಟೋ ಹಾಕಿದ. ಒಬ್ಬರು ಉಪ್ಪು ಹಾಕಿ ಎಂದರು, ಒಬ್ಬರು ಅರಿಶಿನ ಎಂದರು, ಮತ್ತೊಬ್ಬರು ಬೇವಿನ ಸೊಪ್ಪು. (ಒಗ್ಗರಣೆ ಒಂದು ಯಾರೂ ಹೇಳಲಿಲ್ಲ.) ಕೊನೆಗೆ ಹಿರಿಯರೊಬ್ಬರು ಬರೆದರು: "ಗುಬ್ಬಿ ಕರಿಸಿದ್ದಪ್ಪೋರನ್ನ ಕೇಳಿ. ಅಲ್ಲೂ ಬಗೆಹರೀಲಿಲ್ಲ ಅಂದ್ರೆ ಕುಣಿಗಲ್ ಗಂಗಾಂಬಿಕೆ ಮೇಡಂ." ಗುಬ್ಬಿ ಹೈಕೋರ್ಟು, ಕುಣಿಗಲ್ ಸುಪ್ರೀಂ ಕೋರ್ಟು ಎಂದು ಚನ್ನೇಶನಿಗೆ ಅರ್ಥವಾಯಿತು.

ಭಾನುವಾರ ಗುಬ್ಬಿಗೆ ಹೊರಟಾಗ ಚನ್ನಬಸವೇಶ್ವರನ ದರ್ಶನವೂ ಆಗುತ್ತದೆಂದು ಸರ್ವಮಂಗಳ ಜೊತೆಗೆ ಬಂದಳು. ಕರಿಸಿದ್ದಪ್ಪ ಕೊಬ್ಬರಿ ಮಂಡಿಯ ಯಜಮಾನರು. ಮುಂದಿನ ಭಾಗದಲ್ಲಿ ಕೊಬ್ಬರಿ ರಾಶಿ, ಹಿಂದಿನ ಭಾಗದಲ್ಲಿ ಸಾಲು ಸಾಲು ಟ್ಯಾಂಕು. ಯಜಮಾನರು ಒಳಗೆ ಕಾಲಿಟ್ಟದ್ದೇ ತಡ, ಮುಂಗೈ ಉದ್ದದ ಮೀನೊಂದು ಗಾಜಿಗೆ ಮೂಗು ಒತ್ತಿ ಬಾಲ ಅಲ್ಲಾಡಿಸಿತು. ಕರಿಸಿದ್ದಪ್ಪ ಬೆರಳು ಅದ್ದಿದರು. ಮೀನು ಬಂದು ಬೆರಳಿಗೆ ಬೆನ್ನು ಉಜ್ಜಿಕೊಂಡು ಹೋಯಿತು. ಸರ್ವಮಂಗಳ ಬಿಟ್ಟ ಕಣ್ಣು ಬಿಟ್ಟಂತೆ ನಿಂತಳು. "ಅಯ್ಯೋ, ನಾಯಿಮರಿ ಹಂಗೆ ಗುರ್ತು ಹಿಡೀತದಲ್ಲ!"

"ಮೂವತ್ತು ವರ್ಷದಿಂದ ಇವ್ರ ಜೊತೇನೇ ಸಂಸಾರ ಕಣಮ್ಮ," ಎಂದು ನಕ್ಕ ಕರಿಸಿದ್ದಪ್ಪ, ಚನ್ನೇಶ ತೋರಿಸಿದ ಮೀನಿನ ಫೋಟೋ ನೋಡಿ ಒಂದೇ ಪ್ರಶ್ನೆ ಕೇಳಿದರು. "ನೀರು ಯಾವ್ದು?"

"ಫಿಲ್ಟರ್ ನೀರು ಸಾರ್. ಶುದ್ಧ!" ಎಂದು ಚನ್ನೇಶ ಎದೆಯುಬ್ಬಿಸಿದ.

ಕರಿಸಿದ್ದಪ್ಪ ಹಣೆ ಬಡಿದುಕೊಂಡರು. "ಅದ್ನ ಫಸ್ಟು ಬುಡಿ ಸ್ವಾಮಿ! ಇವು ಕಲ್ಲುಬಂಡೆ ಇರೋ ಸರೋವರದ ಮೀನು. ಗಡಸು ನೀರು ಬೇಕು. ಗೀಸರ್‌ನಲ್ಲಿ ಸುಣ್ಣ ಕಟ್ತದಲ್ಲ, ಅಂಥ ನೀರು."

"ನಮ್ಮ ಬೋರ್ ನೀರು?" ಸರ್ವಮಂಗಳ ಮುಂದೆ ಬಂದಳು. "ಬೇಳೆ ಬೇಯಲ್ಲ, ತಲೇಲಿ ಕೂದಲು ನಿಲ್ಲಲ್ಲ, ಬಿಂದಿಗೆ ತುಂಬಾ ಬಿಳೀ ಕರೆ."

"ಅಮೃತ ಕಣಮ್ಮ! ಅದ್ನೇ ದಿನಾ ಸ್ವಲ್ಪ ಸ್ವಲ್ಪ ಬೆರೆಸ್ತಾ ಬನ್ನಿ. ಒಂದೇ ಸಲಕ್ಕೆ ಬೇಡ. ಕಲ್ಲು ಜೋಡಿಸಿ ಗುಹೆ ಮಾಡಿಕೊಡಿ. ಆಮೇಲೆ ಅಂಗಡೀಲಿ ಕೊಡೋ ಸೀಗಡಿ ಆಹಾರ ಜಾಸ್ತಿ ಆದ್ರೆ ಹೊಟ್ಟೆ ಕೆಡ್ತದೆ. ಕಲ್ಲಿನ ಮೇಲಿನ ಪಾಚಿ ಕೆರ್ಕೊಂಡು ತಿಂದು ಬದುಕೋವು ಇವು. ಪಾಚಿ ಉಂಡೆ ಕೊಡ್ತೀನಿ, ಬೇಯಿಸಿದ ಬಟಾಣಿ ಕೊಡಿ."

ಪಾಚಿ, ಬಟಾಣಿ ಎಂಬ ಮಾತು ಕಿವಿಗೆ ಬಿದ್ದದ್ದೇ ಸರ್ವಮಂಗಳಳ ಮುಖ ಅರಳಿತು. "ಪಾಪ, ನಮ್ಮ ಥರಾನೇ!" ಅಂದಿನಿಂದ ಮೀನುಗಳು ಆಕೆಯ ಪಾಲಿಗೆ ನೆಂಟರಾದವು. ಬಟಾಣಿಯನ್ನು ಬೇಯಿಸಿ, ಸಿಪ್ಪೆ ತೆಗೆದು, ಕಿವುಚಿ ಹಾಕುವ ಕೈಂಕರ್ಯ ತಾನೇ ವಹಿಸಿಕೊಂಡಳು. ಬೋರ್ ನೀರಿನ ಮಹಿಮೆಯಿಂದ ಮೀನುಗಳು ಮತ್ತೆ ನಿಂಬೆಹಣ್ಣಾದವು. ಕಲ್ಲಿನ ಗುಹೆಗಾಗಿ ಜಗಳ, ಅಟ್ಟಾಟ, ಸಂಧಾನ ಎಲ್ಲ ಶುರುವಾಯಿತು. ದಪ್ಪ ಗಂಡುಮೀನೊಂದು ಇಡೀ ಟ್ಯಾಂಕು ತನ್ನದೆಂಬಂತೆ ತಿರುಗುತ್ತಿತ್ತು. ಚನ್ನೇಶ ಅದಕ್ಕೆ 'ಯಜಮಾನ' ಎಂದು ಹೆಸರಿಟ್ಟ. ಮನೆಗೆ ಬಂದವರಿಗೆಲ್ಲ, "ಇವು ಎಲ್ಲರ ಕೈಲೂ ಉಳಿಯಲ್ಲ. ಕೈಗುಣ ಬೇಕು" ಎಂದು ಉಪನ್ಯಾಸ ಕೊಡತೊಡಗಿದ.

ಹೀಗಿರುವಾಗ ಒಂದು ಹೆಣ್ಣುಮೀನು ಊಟ ಬಿಟ್ಟಿತು. ಉಳಿದವೆಲ್ಲ ಬಟಾಣಿಗೆ ಮುಗಿಬಿದ್ದರೆ ಅದು ಕಲ್ಲಿನ ಸಂದಿಯಲ್ಲಿ ಬಾಯಿ ಬಿಗಿದುಕೊಂಡು ನಿಂತಿರುತ್ತಿತ್ತು. ಗದ್ದ ಊದಿತ್ತು.

ಚನ್ನೇಶ ಕನ್ನಡಕ ಏರಿಸಿ ತಪಾಸಣೆ ನಡೆಸಿದ. "ಮಂಗನಬಾವು!"

"ಮೀನಿಗೆ ಮಂಗನಬಾವು ಬರ್ತದೇನ್ರೀ?"

"ಬರಲ್ಲ ಅಂತ ಯಾರು ಹೇಳಿದ್ದು? ಇಲ್ಲಾಂದ್ರೆ ಗಂಟಲಲ್ಲಿ ಕಲ್ಲು ಸಿಕ್ಕಿದೆ. ಚಿಮುಟದಲ್ಲಿ ಎಳೆದುಬಿಟ್ರೆ ಆಯ್ತು." ಕನ್ನಡಕದ ತಿರುಪು ಹಿಡಿಯುವ ಸೂಕ್ಷ್ಮ ಚಿಮುಟವೊಂದು ಅವನ ಜೇಬಿನಿಂದ ಈಚೆ ಬಂತು.

ಸರ್ವಮಂಗಳ ಟ್ಯಾಂಕಿಗೆ ಅಡ್ಡ ನಿಂತಳು. "ನೋಡಿ, ಅದರ ಮುಖದಲ್ಲಿ ನೋವಿಲ್ಲ. ಏನನ್ನೋ ಕಾಪಾಡ್ಕೊಂಡಿರೋ ಹಂಗಿದೆ. ಅದರ ಮೈ ಮುಟ್ಟಿದ್ರೆ ನಾನು ಸುಮ್ನಿರಲ್ಲ. ನಡೀರಿ ಕುಣಿಗಲ್‌ಗೆ."

ಮೀನನ್ನು ಅದೇ ನೀರಿನ ಸಮೇತ ಮುಚ್ಚಳದ ಬಕೆಟ್ಟಿಗೆ ಇಳಿಸಿ, ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸರ್ವಮಂಗಳ ಕಾರು ಹತ್ತಿದಳು. ಹೆಬ್ಬೂರು ದಾಟುವಷ್ಟರಲ್ಲಿ ಚನ್ನೇಶನಿಗೆ ಜೀವನವೇ ಸಾಕಾಯಿತು. "ನಿಧಾನ! ಹಂಪು! ಹಂಪು ಅಂದ್ನಲ್ಲ!" ಎಂದು ಗದರುತ್ತ, ಬಕೆಟ್ಟಿನ ಕಡೆ ಬಾಗಿ, "ಇನ್ನೇನು ಬಂತು ಕಣವ್ವಾ, ಹೆದ್ರಬೇಡ" ಎಂದು ಸಮಾಧಾನ ಹೇಳುತ್ತಿದ್ದಳು. ಮದುವೆಯಾದಾಗಿನಿಂದ ಅಷ್ಟು ಮೃದುವಾದ ದನಿಯನ್ನು ಚನ್ನೇಶ ಕೇಳಿರಲಿಲ್ಲ.

ಗಂಗಾಂಬಿಕೆ ಮೇಡಂ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತರಾದವರು. ಹಿತ್ತಲಿನ ತುಂಬಾ ತೊಟ್ಟಿಗಳು. ಒಂದೊಂದರ ಮುಂದೂ ನಿಂತು, ಯಾವುದು ಯಾರ ಮಗಳು, ಯಾವುದಕ್ಕೆ ಸಿಟ್ಟು ಜಾಸ್ತಿ ಎಂದು ಒಂದೇ ನೋಟಕ್ಕೆ ಹೇಳಬಲ್ಲವರು. ಬಕೆಟ್ಟಿನೊಳಗೆ ಟಾರ್ಚು ಹಾಕದೆ, ಮುಟ್ಟದೆ, ಬರೀ ಬಾಗಿ ನೋಡಿದರು. ಎದ್ದು ನಿಂತು ಕೇಳಿದರು:

"ಯಾರು ಹೇಳಿದ್ದು ಕಾಯಿಲೆ ಅಂತ?"

ಚನ್ನೇಶ ಗಂಟಲು ಸರಿಮಾಡಿಕೊಂಡ. "ಗುಂಪಿನಲ್ಲಿ ಕೆಲವರು..."

"ತುಂಬು ಬಸುರಿ ಕಣ್ರೀ ಇವ್ಳು! ಮೊಟ್ಟೆ ಇಟ್ಟು ಎಲ್ಲಾನೂ ಬಾಯೊಳಗೆ ತುಂಬ್ಕೊಂಡಿದಾಳೆ. ಅಲ್ಲೇ ಮರಿ ಆಗಿ, ಅವು ಈಜೋ ಅಷ್ಟು ಬಲೀಬೇಕು. ಅಲ್ಲೀತನಕ ಒಂದು ತುತ್ತು ನುಂಗಲ್ಲ. ನುಂಗಿದ್ರೆ ಮಕ್ಕಳೂ ಹೊಟ್ಟೆಗೆ ಹೋಗ್ತಾವಲ್ಲ! ಆಗಾಗ ಬಾಯೊಳಗೇ ಮೊಟ್ಟೆ ಮಗುಚ್ತಾಳೆ, ಗಾಳಿ ಆಡ್ಲಿ ಅಂತ."

ಸರ್ವಮಂಗಳ ಬಕೆಟ್ಟಿನ ಪಕ್ಕ ಕುಸಿದು ಕೂತಳು. ಎದುರಿಗೆ ಊಟವಿದ್ದೂ ಉಣ್ಣದೆ, ಬಾಯಿದ್ದೂ ಬಿಡದೆ, ಹೆಬ್ಬೆಟ್ಟಿನಷ್ಟಿದ್ದ ಆ ಜೀವ ದಿನಗಟ್ಟಲೆ ಹೊತ್ತು ನಿಂತದ್ದನ್ನು ನೆನೆದು ಆಕೆಯ ಕಣ್ಣು ತುಂಬಿತು. "ಎಂಥಾ ತಪಸ್ಸು ನೋಡಿ ಮೇಡಂ. ಇವ್ರು ಚಿಮುಟ ಹಾಕೋಕೆ ಹೊರಟಿದ್ರು."

ಗಂಗಾಂಬಿಕೆ ನಿಧಾನವಾಗಿ ಚನ್ನೇಶನ ಕಡೆ ತಿರುಗಿದರು. ಮೂವತ್ತೈದು ವರ್ಷ ಕಾಲ ಕೊನೇ ಬೆಂಚಿನವರನ್ನು ನಡುಗಿಸಿದ ನೋಟ ಅದು. ಚನ್ನೇಶ ಜೇಬನ್ನು ಕೈಯಿಂದ ಮುಚ್ಚಿಕೊಂಡ.

"ಅಪ್ಪ ಏನ್ ಮಾಡ್ತಾನೆ ಮೇಡಂ?" ಎಂದು ಸರ್ವಮಂಗಳ ಕೇಳಿದಳು.

"ಏನೂ ಮಾಡಲ್ಲ. ಮರಿ ಈಚೆ ಬಂದಾಗ ಎದುರಿಗೆ ಸಿಕ್ರೆ ತಿಂದುಬಿಡ್ತಾನೆ. ತಾಯೀನ ಬೇರೆ ಇಡಿ. ಸದ್ದು ಬೇಡ, ನೆರಳಾಡೋದು ಬೇಡ. ಹೆದರಿಸಿದ್ರೆ ಮೊಟ್ಟೆ ಉಗುಳ್ತಾಳೆ, ಇಲ್ಲಾ ನುಂಗ್ತಾಳೆ."

ವಾಪಸು ಬರುವಾಗ ಸರ್ವಮಂಗಳ ದಾರಿಯುದ್ದಕ್ಕೂ ಯಜಮಾನ ಮೀನನ್ನು ಬೈಯುತ್ತ ಬಂದಳು. ಚನ್ನೇಶನಿಗೆ ಮಾತ್ರ ಅದು ತನಗೇ ಹೇಳಿದಂತಿತ್ತು.

ಮಲಗುವ ಕೋಣೆಗೆ ಚಿಕ್ಕ ಟ್ಯಾಂಕೊಂದು ಬಂತು. ಅದರ ಮೇಲೆ ಸರ್ವಮಂಗಳಳ ಹಳೇ ಹತ್ತಿ ಸೀರೆಯ ಪರದೆ. ಕುಕ್ಕರ್ ಕೂಗಿಸುವಂತಿಲ್ಲ, ಬಾಗಿಲು ಬಡಿಯುವಂತಿಲ್ಲ. ಚನ್ನೇಶನ ಹಾಸಿಗೆ ಹಾಲಿಗೆ ವರ್ಗವಾಯಿತು. "ನೀವು ಸೀನೋ ಸದ್ದಿಗೆ ನಾನೇ ಬೆಚ್ಚಿಬೀಳ್ತೀನಿ, ಪಾಪ ಅದರ ಗತಿ ಏನು?" ಎಂದಳು. ಅವನು ಹಾಲಿನಲ್ಲಿ ಯಜಮಾನನ ಎದುರಿಗೆ ಮಲಗಿದ. ಗಾಜಿನ ಆಚೆ ಅದು, ಈಚೆ ಇವನು. ಇಬ್ಬರನ್ನೂ ಹೆರಿಗೆ ಕೋಣೆಯಿಂದ ದೂರ ಇಟ್ಟಾಗಿತ್ತು.

ಒಂದು ಬೆಳಿಗ್ಗೆ ಸರ್ವಮಂಗಳ ಪಿಸುದನಿಯಲ್ಲಿ ಕರೆದಳು. "ಬನ್ನಿ. ಚಪ್ಪಲಿ ಬಿಟ್ಟು ಬನ್ನಿ. ಬಾಗಿಲಲ್ಲೇ ನಿಲ್ಲಿ."

ತಾಯಿಮೀನು ಸಣ್ಣಗೆ ಬಾಯಿ ತೆರೆಯಿತು. ಜೀರಿಗೆಯಷ್ಟು ಗಾತ್ರದ ಮರಿಯೊಂದು ಈಚೆ ಬಂತು, ಹಿಂದೆಯೇ ಇನ್ನೊಂದು, ಆಮೇಲೆ ಒಂದು ಹಿಂಡೇ. ಬೆಳಕಿನಲ್ಲಿ ಹಳದಿ ಚುಕ್ಕಿಗಳು ತೇಲಿದವು. ಬಡಕಲಾಗಿದ್ದ ತಾಯಿ ಅವುಗಳ ಸುತ್ತ ಒಂದು ಸುತ್ತು ಬಂದಳು. ಇಷ್ಟು ದಿನ ಬರೀ ಬಣ್ಣ ನೋಡಿದ್ದ ಚನ್ನೇಶನ ಕಣ್ಣಿಗೆ ಮೊದಲ ಸಲ ಮೀನು ಕಂಡಂತಾಯಿತು. ಮೈಮರೆತು ಗಾಜಿನ ಹತ್ತಿರಕ್ಕೆ ಮುಖ ತಂದ.

ಮರಿಗಳೆಲ್ಲ ಕಣ್ಣು ಮುಚ್ಚಿ ತೆರೆಯುವುದರೊಳಗೆ ತಾಯಿಯ ಬಾಯೊಳಗೆ ನುಗ್ಗಿ ಮಾಯವಾದವು. ಬಾಯಿ ಪಟ್ಟೆಂದು ಮುಚ್ಚಿತು.

"ನೋಡಿದ್ರಾ? ನಿಮ್ಮ ಮುಖ ನೋಡಿ ವಾಪಸ್ ಹೋದ್ವು," ಎಂದಳು ಸರ್ವಮಂಗಳ.

ಸುದ್ದಿ ಗುಂಪಿನಲ್ಲಿ ಹರಡಿತು. ಮರಿಗಳು ತಮ್ಮಷ್ಟಕ್ಕೆ ಓಡಾಡುವಂತಾದ ಮೇಲೆ ಒಂದು ಭಾನುವಾರ ಗುಬ್ಬಿಯಿಂದ ಕರಿಸಿದ್ದಪ್ಪ, ಕುಣಿಗಲ್‌ನಿಂದ ಗಂಗಾಂಬಿಕೆ ಮೇಡಂ ಇಬ್ಬರೂ ಬಂದಿಳಿದರು. ಚನ್ನೇಶ ಇಸ್ತ್ರಿ ಅಂಗಿ ಹಾಕಿಕೊಂಡು, "ಸಿಕ್ಲಿಡ್ ಸಾಕಣೆಯಲ್ಲಿ ನನ್ನ ಅನುಭವ" ಎಂಬ ಭಾಷಣವನ್ನು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡು ಬಾಗಿಲಲ್ಲಿ ನಿಂತ. ಬಂದವರಿಬ್ಬರೂ ಅವನಿಗೊಂದು ನಮಸ್ಕಾರ ಹಾಕಿ, ಸೀದಾ ಸರ್ವಮಂಗಳಳ ಹಿಂದೆ ಕೋಣೆಗೆ ಹೋದರು.

"ಭೇಷ್ ಕಣಮ್ಮ," ಎಂದರು ಕರಿಸಿದ್ದಪ್ಪ. "ಚೊಚ್ಚಲ ಬಸುರಿ, ಒಂದು ಮರೀನೂ ಕಳ್ಕೊಂಡಂಗಿಲ್ಲ. ನನ್ನ ಕೈಲೂ ಇಷ್ಟು ಚೆನ್ನಾಗಿ ಬಂದಿಲ್ಲ."

ಗಂಗಾಂಬಿಕೆ ಬಹಳ ಹೊತ್ತು ಟ್ಯಾಂಕನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು. "ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು ಸರ್ವಮಂಗಳ. ನಮ್ಮಲ್ಲಿ ಒಂದು ನೀಲಿ ಹೆಣ್ಣಿದೆ. ಪ್ರತಿ ಸಲ ಮೊಟ್ಟೆ ತುಂಬ್ಕೊಳ್ತದೆ, ನಾಕು ದಿನಕ್ಕೇ ನುಂಗಿಬಿಡ್ತದೆ. ನೀರು ಸರಿಯಿದೆ, ಎಲ್ಲಾ ಸರಿಯಿದೆ. ನೀವು ಏನ್ ಮಾಡಿದ್ರಿ?"

ಸುಪ್ರೀಂ ಕೋರ್ಟೇ ಬಟವಾಡಿಗೆ ಬಂದು ಸಲಹೆ ಕೇಳುತ್ತಿದೆ! ಚನ್ನೇಶನ ಎದೆ ಹೆಂಡತಿಯ ಮೇಲಿನ ಹೆಮ್ಮೆಯಿಂದ ಉಬ್ಬಿತು. ತನ್ನ ಕೈಗುಣದ ಪ್ರಸ್ತಾಪವೂ ಬಂದೀತೆಂದು ಒಂದು ಹೆಜ್ಜೆ ಮುಂದೆ ಬಂದ.

"ನಾನೇನೂ ಮಾಡ್ಲಿಲ್ಲ ಮೇಡಂ," ಎಂದಳು ಸರ್ವಮಂಗಳ ಸಂಕೋಚದಿಂದ. "ಇವ್ರನ್ನ ಕೋಣೆ ಒಳಗೆ ಬಿಡ್ಲಿಲ್ಲ. ಅಷ್ಟೇ."

ಗಂಗಾಂಬಿಕೆ ಚನ್ನೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಮುಖದಲ್ಲಿ ದೊಡ್ಡದೊಂದು ಸತ್ಯ ಹೊಳೆದ ಬೆಳಕು. "ಅಯ್ಯೋ ಶಿವನೇ! ನಮ್ಮನೆಯವರು ದಿನಾ ಪೇಪರ್ ಹಿಡ್ಕೊಂಡು ಆ ತೊಟ್ಟಿ ಪಕ್ಕಾನೇ ಕೂತಿರ್ತಾರೆ!"

ಅಲ್ಲೇ ಫೋನು ತೆಗೆದರು. "ರೀ, ಎಲ್ಲಿದೀರಾ? ತೊಟ್ಟಿ ಹತ್ರಾನಾ? ಕೆಮ್ಮಬೇಡಿ. ಪೇಪರ್ ಮಡಚಬೇಡಿ. ಕುರ್ಚಿ ಅಲ್ಲೇ ಬಿಟ್ಟು ಮೆತ್ತಗೆ ಎದ್ದು ಆಚೆ ಹೋಗಿ."

ಕುಣಿಗಲ್‌ನ ಆ ಮುಖ ಕಾಣದ ಮನುಷ್ಯನನ್ನು ನೆನೆದು ಚನ್ನೇಶನಿಗೆ ಒಡಹುಟ್ಟಿದವನ ಮೇಲಿರುವಂಥ ಕರುಣೆ ಉಕ್ಕಿ ಬಂತು. ಕಾಫಿಗೆ ಹಾಲಿಡಲು ಅವನು ತುದಿಗಾಲಲ್ಲಿ, ಸದ್ದು ಮಾಡದೆ, ಅಡುಗೆಮನೆಗೆ ನಡೆದ.