ಐದನೆಯ ಸಲ ಹುಟ್ಟಿದ ನನ್ನ ತಮ್ಮ

೨೦೦೬ರ ಜುಲೈ, ಮೊದಲ ಭಾನುವಾರ. ಬೆಳಿಗ್ಗೆ ಹತ್ತು ಗಂಟೆ. ಸ್ಥಳ, ಚಾಮರಾಜಪೇಟೆಯ ಒಂದು ಸೈಬರ್ ಕೆಫೆ. ಹಾಜರಿದ್ದವರು: ತಮ್ಮನನ್ನು ಮನೆಗೆ ಎಳೆದೊಯ್ಯಲು ಬಂದ ನಾನು, ನನ್ನ ತಮ್ಮ, ಅವನ ಆಟದ ತಂಡದ ನಾಯಕನಾದ ಒಬ್ಬ ಬ್ಯಾಂಕ್ ಗುಮಾಸ್ತ. ಕೆಫೆಯ ಮಾಲೀಕ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದರಿಂದ ಅವನನ್ನು ಸೇರಿಸಿಲ್ಲ.

ನನ್ನ ತಮ್ಮ ಒಂದೇ ವರ್ಷದಲ್ಲಿ ನಾಲ್ಕು ಸಲ ಸತ್ತವನು. ನಾಲ್ಕು ಸಲವೂ ತನ್ನ ತಪ್ಪಿನಿಂದಲೇ! ಕಂಪ್ಯೂಟರಿನ ಆ ಆಟದಲ್ಲಿ ರಾಕ್ಷಸರ ಗುಹೆಗೆ ಹೋಗುವ ಮುನ್ನ ನೀವು ಯಾರಾಗುತ್ತೀರಿ ಎಂದು ಆರಿಸಿಕೊಳ್ಳಬೇಕು: ಯೋಧ, ಕಳ್ಳ, ಮಾಂತ್ರಿಕ, ಬಿಲ್ಲುಗಾರ, ವೈದ್ಯ. ಸತ್ತರೆ ಅಥವಾ ಆರಿಸಿದ್ದು ಹಿಡಿಸದಿದ್ದರೆ ಅಳಿಸಿ, ಹೊಸದಾಗಿ ಹುಟ್ಟಬೇಕು.

ಮೊದಲು ಯೋಧನಾದ. ಪರದೆಯ ಮೇಲೆ ಗುಡಿಯೊಂದು ಕಂಡಿತು. ಇವನು ಯೋಧನ ಕಬ್ಬಿಣದ ಬೂಟು ಕಳಚಿಟ್ಟು ಒಳಗೆ ಹೋದ. ಒಳಗಿದ್ದದ್ದು ಚೇಳು. ಆಮೇಲೆ ಕಳ್ಳನಾದ. ನಿಧಿಯ ಪೆಟ್ಟಿಗೆ ಸಿಕ್ಕಿತು. ಯಜಮಾನ ಬರಲಿ ಎಂದು ಪಕ್ಕದಲ್ಲೇ ಕಾದು ನಿಂತ. ಯಜಮಾನ ಬಂದ, ಅವನಿಗೆ ಮೂರು ತಲೆ. ಮಾಂತ್ರಿಕನಾದಾಗ ರಾಹುಕಾಲ ಕಳೆಯಲಿ ಎಂದು ಮಂತ್ರ ಹಾಕದೆ ಕೂತ, ತಂಡವೆಲ್ಲ ಸತ್ತಿತು. ಬಿಲ್ಲುಗಾರನಾದಾಗ ಬಾಣಗಳನ್ನು ಮಾರಿ ಗಾಯಕ್ಕೆ ಕಟ್ಟುವ ಬಟ್ಟೆ ಕೊಂಡ. ಬಿದ್ದವರಿಗೆಲ್ಲ ಕಟ್ಟುತ್ತ ಕೂತು ತಾನೂ ಬಿದ್ದ.

ಐವತ್ತೆಂಟು ವರ್ಷದ ತರಕಾರಿ ಅಂಗಡಿಯವನಿಗೆ ಇದೆಲ್ಲ ಬೇಕಿತ್ತೆ? ಬೇಕಿತ್ತು. ಮದುವೆಯಾದವನಲ್ಲ. ಅಮ್ಮ ತೀರಿಕೊಂಡ ಮೇಲೆ ಅವನಿಗೆ ಮಾತಿಗೆ ಸಿಗುತ್ತಿದ್ದವರು ಈ ತಂಡದವರು ಮಾತ್ರ. ಅಂದು ಅದೂ ತಪ್ಪುವುದರಲ್ಲಿತ್ತು.

"ಗುರುಗಳೇ, ಸತ್ತಿದ್ದು ಸಾಕು," ಎಂದ ಗುಮಾಸ್ತ. "ಹೊಡೆಯೋಕೆ ನಾವಿದೀವಿ. ನಮಗೆ ಬೇಕಿರೋದು ಡಾಕ್ಟ್ರು. ಹನ್ನೊಂದಕ್ಕೆ ಗುಹೆಗೆ ಹೋಗ್ತೀವಿ. ನೀವು ವೈದ್ಯ ಆಗ್ತೀರೋ, ಬೇರೆಯವರನ್ನ ಕರ್ಕೊಳ್ಳೋದೋ?"

ತಮ್ಮ ಮತ್ತೆ ಯೋಧನ ಚಿತ್ರವನ್ನೇ ನೋಡುತ್ತ ಕೂತಿದ್ದ. ನಾನು ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಮಾಡಿಸಿದವಳು. ತೀರ್ಮಾನ ತಡವಾದರೆ ನನಗಾಗದು.

"ವೈದ್ಯ ಒತ್ತೋ. ನಿನಗೆ ಅದೇ ಸರಿ. ಅಭ್ಯಾಸ ಇದೆ."

"ಅಭ್ಯಾಸ ಇದೆ ಅಕ್ಕ," ಎಂದ, ಪರದೆಯಿಂದ ಕಣ್ಣು ತೆಗೆಯದೆ. "ಒಂಬತ್ತು ವರ್ಷ ಅಮ್ಮನಿಗೆ ಮಾತ್ರೆ ಕೊಟ್ಟೆ, ಮೈ ಒರೆಸಿದೆ. ನೀನು ಭಾನುವಾರ ಬಂದು ಮಾತ್ರೆ ಎಣಿಸ್ತಿದ್ದೆ. ಒಂದು ಜಾಸ್ತಿ ಉಳಿದಿದ್ರೆ ನನ್ನ ಬೈದು, ಹನ್ನೆರಡರ ಬಸ್ಸಿಗೆ ನಿನ್ನ ಮನೆ ಅಂತ ವೈಯಾಲಿಕಾವಲ್‌ಗೆ ಹೊರಟುಬಿಡ್ತಿದ್ದೆ. ಇಲ್ಲೂ ನಾನೇನಾ?"

ಗುಮಾಸ್ತ ತನ್ನ ಉಗುರು ನೋಡಿಕೊಂಡ.

ಒಂದು ಭಾನುವಾರವೂ ತಪ್ಪಿಸಿಲ್ಲ ಎಂದು ನೆಂಟರೆದುರು ಹೇಳಿಕೊಂಡವಳು ನಾನು. ಸೋಮವಾರದಿಂದ ಶನಿವಾರದವರೆಗೆ ಯಾರು ನೋಡಿಕೊಂಡರು ಎಂದು ಯಾರೂ ಕೇಳಲಿಲ್ಲ. ಅವರು ಕೇಳದಿದ್ದದ್ದು ನನಗೆ ಅನುಕೂಲವೇ ಆಗಿತ್ತು.

ಹತ್ತು ನಲವತ್ತಕ್ಕೆ ಪಕ್ಕದ ಕುರ್ಚಿ ಎಳೆದುಕೊಂಡೆ. "ಇದನ್ನೂ ಆನ್ ಮಾಡಿ. ವೈದ್ಯ ಯಾವುದು, ತೋರಿಸಿ."

"ಆಂಟಿ, ನಿಮಗೆ ಆಡೋಕೆ ಬರುತ್ತಾ?"

"ಮಾತ್ರೆ ಎಣಿಸೋಕೆ ಬರುತ್ತೆ. ಕೊಡೋದು ಕಲೀತೀನಿ."

ತಮ್ಮ ಯೋಧನನ್ನು ಒತ್ತಿದ.

ಗುಹೆಯ ದಾರಿಯಲ್ಲಿ ಅದೇ ಗುಡಿ. ಮತ್ತೆ ಬೂಟು ಕಳಚಿದ.

"ಹಾಕ್ಕೊಳೋ, ಚೇಳಿದೆ."

"ಗುಡಿ ಅಕ್ಕ."

ಚೇಳು ಕಚ್ಚಿತು. ಅವನ ಹೆಸರಿನ ಕೆಳಗೆ ಉಳಿದ ಜೀವ ತೋರಿಸುವ ಕೆಂಪು ಗೆರೆ ಸಣ್ಣದಾಗತೊಡಗಿತು. ನಾನು ಮೊದಲ ಸಲ ಮದ್ದು ಕೊಟ್ಟದ್ದು ಚೇಳಿಗೆ. ಎರಡನೆಯದು ಗುಮಾಸ್ತನಿಗೆ. ಮೂರನೆಯ ಸಲ ತಮ್ಮನ ಗೆರೆ ನಿಧಾನವಾಗಿ ತುಂಬಿತು. ಅದು ಪೂರ್ತಿ ತುಂಬುವವರೆಗೆ ನಾನು ಕೀಲಿಯಿಂದ ಬೆರಳು ತೆಗೆಯಲಿಲ್ಲ.

ಗಡಿಯಾರ ನೋಡಿದೆ. ಹನ್ನೆರಡರ ಬಸ್ಸು ಹೋಗಿಯಾಗಿತ್ತು. ಬೂಟು ಇನ್ನೂ ಗುಡಿಯ ಹೊರಗಿತ್ತು. ಹೋಗಿ ಎತ್ತಿಕೊಂಡು ಬಂದು ಅವನಿಗೆ ಕೊಟ್ಟೆ. ಅಂದಿನ ಕೆಲಸ ಮುಗಿಯಿತು.