ಶುಕ್ರವಾರದ ಗೆರೆ, ಮಂಗಳವಾರದ ಗೆರೆ

ಶ್ರೀಮತ್ ಸುಣ್ಣದ ಗೆರೆಯ ಸಾರ್ವಭೌಮ, ಕರಿಬಿಳಿ ಪಟ್ಟೆಯಂಗಿ ಭೂಷಣ, ಸೀಟಿ ವಿಶಾರದ, ತಪ್ಪು ಸಾರುವ ಹಳದಿ ಕರವಸ್ತ್ರದ ಎಸೆತದಲ್ಲಿ ಅದ್ವಿತೀಯ, ಶುಕ್ರವಾರ ಸಂಜೆಗಳಲ್ಲಿ ಪ್ಲಮ್ ಫೋರ್ಕ್ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಮೈದಾನದ ಅಂಚು ಕಾಯುವ ತೀರ್ಪುಗಾರರೂ ಮಂಗಳವಾರಗಳಂದು ಕೋರ್ಟಿನ ಹಿಂದಿನ ಅಂಗಳದಲ್ಲಿ ಡ್ರೈವಿಂಗ್ ಪರೀಕ್ಷೆ ನಡೆಸುವ ಅಧಿಕಾರಿಗಳೂ ಆಗಿರುವ ಮಾನ್ಯ ಲೆಲ್ಯಾಂಡ್ ವೊಂಡ್ರಾ ಅವರ ಬೂಟುಗಳ ಸನ್ನಿಧಾನಕ್ಕೆ,

ಮಾನ್ಯರೇ,

ಈ ಅಕ್ಟೋಬರ್ ಚಳಿಯಲ್ಲಿ ತಾವೂ ತಮ್ಮ ಎಡ ಮಂಡಿಯೂ ಕ್ಷೇಮವೆಂದು ಭಾವಿಸಿ, ಈ ಬಹಿರಂಗ ಪತ್ರವನ್ನು ಅರ್ಲೀನ್ ಅವರ ಹೋಟೆಲಿನ ನೋಟೀಸು ಹಲಗೆಗೆ, ಕಳೆದುಹೋದ ಬೆಕ್ಕಿನ ಚಿತ್ರಕ್ಕೂ ಹಿಮದ ಟೈರುಗಳ ಜಾಹೀರಾತಿಗೂ ನಡುವೆ, ನಾಲ್ಕು ಪಿನ್ನು ಚುಚ್ಚಿ ತೂಗುಹಾಕುತ್ತಿದ್ದೇನೆ. ತಾವು ದಿನಾ ಬೆಳಿಗ್ಗೆ ಆರೂವರೆಗೆ ಅದೇ ಹಲಗೆಯ ಕೆಳಗೆ ಕೂತು ಎರಡು ಮೊಟ್ಟೆ ತಿನ್ನುವುದರಿಂದ ಅಂಚೆಚೀಟಿಯ ಅಗತ್ಯ ಕಾಣಲಿಲ್ಲ.

ಮೊದಲಿಗೆ ಕಳೆದ ಶುಕ್ರವಾರದ ತಮ್ಮ ತೀರ್ಪಿಗೆ ನನ್ನ ಸಾಷ್ಟಾಂಗ ಪ್ರಣಾಮಗಳು. ಕೊನೆಯ ಆರು ಸೆಕೆಂಡು, ಎದುರಾಳಿಗಳಾದ ಹೇವುಡ್‌ನವರು ನಾಲ್ಕು ಪಾಯಿಂಟು ಹಿಂದೆ, ಚೆಂಡು ಗೋಲಿನ ಅಂಕಣದ ಮೂಲೆಯ ಕಡೆಗೆ ತೇಲಿಬಂತು. ಆ ಊರಿನ ಜಿರಾಫೆಯಂಥ ಹುಡುಗ ಗೆರೆಯ ಒಳಗಿನಿಂದ ಹಾರಿ, ಗಾಳಿಯಲ್ಲೇ ಚೆಂಡನ್ನು ಎದೆಗೆ ಅವುಚಿಕೊಂಡ. ಒಂದೇ ಒಂದು ಪಾದ ಗೆರೆಯ ಒಳಗೆ ಊರಿದ್ದರೆ ಅವರಿಗೆ ಆರು ಪಾಯಿಂಟು, ನಾವು ಸೋತಂತೆ. ಅಷ್ಟರಲ್ಲಿ ನಮ್ಮ ಕಾವಲಿನ ಆಟಗಾರ ಟಿರೆಲ್, ಪ್ರಾಣಿದಯಾ ಸಂಘದವರು ನೋಡಬಾರದ ರೀತಿಯಲ್ಲಿ, ಎರಡೂ ಕೈಯಿಂದ ಅವನ ಪಕ್ಕೆಗೆ ಕೊಟ್ಟ ತಳ್ಳು ಎಂಥದೆಂದರೆ, ಆ ಹುಡುಗ ಚೆಂಡಿನ ಸಮೇತ ಗೆರೆ ದಾಟಿ, ಹೇವುಡ್ ಬ್ಯಾಂಡಿನ ದೊಡ್ಡ ಡೋಲಿನೊಳಗೆ ಇಳಿದ. ತಾವು ಎರಡು ಕೈ ಬೀಸಿ ‘ಇಲ್ಲ’ ಎಂದಿರಿ. ಹಾರಿದವನನ್ನು ಯಾರೇ ತಳ್ಳಿರಲಿ, ಕಾಲು ಬಿದ್ದದ್ದು ಹೊರಗೆ ಎಂದಮೇಲೆ ಹೊರಗೇ. ಶಾಲೆಯ ಗುರುತಾದ ಸಕ್ಕರೆ ಬೀಟಿನ ಗೆಡ್ಡೆಯ ವೇಷದೊಳಗೆ ಗೆರೆಯ ಪಕ್ಕದಲ್ಲೇ ನಿಂತಿದ್ದ ನಾನು ಕುಣಿದು, ಉರುಳಿ, ಮತ್ತೆ ಏಳಲಾಗದೆ ನಾಲ್ಕು ಜನರಿಂದ ಎತ್ತಿಸಿಕೊಂಡ ಸಂಗತಿ ತಮ್ಮ ಗಮನಕ್ಕೆ ಬಂದಿರಬಹುದು.

ಮರುದಿನ ಇದೇ ಹೋಟೆಲಿನಲ್ಲಿ ಮಹಾಚರ್ಚೆ. ನನ್ನ ತಾತ ಎಮಿಲ್, ಗೆದ್ದ ಊರಿನವರಾಗಿಯೂ, ಮೇಜು ಗುದ್ದಿ ಹೇಳಿದರು: “ನಮ್ಮ ಕಾಲದಲ್ಲಿ ತಳ್ಳಿದ್ರೆ ಸುಮ್ನೆ ಬಿಡ್ತಿರ್ಲಿಲ್ಲ ಕಣೋ. ತಳ್ಳದೇ ಇದ್ದಿದ್ರೆ ಹುಡ್ಗ ಎಲ್ಲಿ ಬೀಳ್ತಿದ್ದ ಅಂತ ತೀರ್ಪುಗಾರ ಯೋಚ್ನೆ ಮಾಡ್ತಿದ್ದ. ಅದಕ್ಕೆ ತಲೆ ಬೇಕು. ಈಗಿನೋರಿಗೆ ಕಣ್ಣಿದ್ರೆ ಸಾಕು.” ಅರ್ಲೀನ್ ಕಾಫಿ ಸುರಿಯುತ್ತಾ, “ಎಮಿಲಣ್ಣ, ನಿಮ್ಗೆ ಅದೂ ಇಲ್ವಲ್ಲ” ಎಂದರು.

ಆಗ ಎದ್ದು ನಿಂತು ಕಾವಲಿನವರ ಪರ ವಾದಿಸಿದವನು ನಾನು. ಚೆಂಡು ಹಿಡಿಯುವವನಿಗೆ ಎಲ್ಲವೂ ಮೊದಲೇ ಗೊತ್ತು. ಎಲ್ಲಿ ತಿರುಗಬೇಕು, ಯಾವಾಗ ಹಾರಬೇಕು, ಯಾವ ಮೂಲೆಗೆ ಚೆಂಡು ಬರುತ್ತದೆ, ಎಲ್ಲ. ಪಾಪದ ಕಾವಲಿನವನು ಹಿಮ್ಮುಖವಾಗಿ ಓಡುತ್ತಾ, ಇನ್ನೊಬ್ಬನ ಸೊಂಟ ನೋಡಿ ಭವಿಷ್ಯ ಹೇಳಬೇಕು. ಚೆಂಡು ಬರುವ ಮುಂಚೆ ಮುಟ್ಟಿದರೆ ತಪ್ಪು, ಅಂಗಿ ಎಳೆದರೆ ತಪ್ಪು, ಜೋರಾಗಿ ಉಸಿರುಬಿಟ್ಟರೂ ಹಳದಿ ಕರವಸ್ತ್ರ. ಇಡೀ ಮೈದಾನವನ್ನೇ ದಾಳಿಯವರಿಗೆ ಬರೆದುಕೊಟ್ಟ ಮೇಲೆ ಅವನಿಗೆ ಉಳಿದಿರುವ ಒಬ್ಬನೇ ಗೆಳೆಯನೆಂದರೆ ಆ ಸುಣ್ಣದ ಗೆರೆ. ಅದನ್ನೂ ‘ತಳ್ಳದಿದ್ದರೆ’ ಎಂಬ ಊಹೆಗೆ ಕೊಟ್ಟುಬಿಟ್ಟರೆ ಆ ಹುಡುಗ ಮನೆಗೆ ಹೋಗಿ ಹೊಲಿಗೆ ಕಲಿಯುವುದೇ ಮೇಲು. ಹೀಗೆ ನಾನು ಹನ್ನೊಂದು ನಿಮಿಷ ಮಾತಾಡಿದೆ. ತಾತ ಬಟ್ಟಲಿನ ಖಾರದ ಚಿಲ್ಲಿ ಸಾರಿಗೆ ದಾಲ್ಚಿನ್ನಿ ಬನ್ನು ಅದ್ದುತ್ತಾ, “ನೀನೇ ಹಾರ್ತೀಯಲ್ಲ ಮಗಾ, ಅವತ್ತು ಮಾತಾಡೋಣ” ಎಂದರು.

ಮಾನ್ಯರೇ, ನಾನು ಹಾರಿದ್ದು ಮೂರೇ ದಿನಕ್ಕೆ.

ತಮಗೆ ಗೊತ್ತಿರುವ ಹಿನ್ನೆಲೆಯನ್ನೇ ಊರಿನವರ ಅನುಕೂಲಕ್ಕಾಗಿ ಬರೆಯುತ್ತೇನೆ. ನನ್ನ ತಾತ ಐವತ್ತಮೂರು ವರ್ಷಗಳಲ್ಲಿ ನಮ್ಮ ಶಾಲೆಯ ಒಂದು ಪಂದ್ಯವನ್ನೂ ತಪ್ಪಿಸಿಕೊಂಡಿಲ್ಲ. ಅಜ್ಜಿಯ ಜೊತೆಗಿನ ತಮ್ಮ ಮದುವೆಯ ದಿಬ್ಬಣವನ್ನೂ ಪಂದ್ಯದ ವಿರಾಮದ ವೇಳೆಗೆ ಹೊಂದಿಸಿದ್ದರಂತೆ. ಈ ವಸಂತದಲ್ಲಿ ತಾವು ಅವರ ಲೈಸೆನ್ಸನ್ನು ವಾಪಸು ಪಡೆದಿರಿ. ನಿಲ್ಲು ಎಂಬ ಕೆಂಪು ಫಲಕವನ್ನು ಅವರು ಹೋಟೆಲಿನ ಬೋರ್ಡೆಂದು ಓದಿದ್ದರಿಂದ ಆ ಬಗ್ಗೆ ನಮ್ಮ ಕುಟುಂಬಕ್ಕೆ ಆಕ್ಷೇಪವಿಲ್ಲ. ಆದರೆ ಈ ಶುಕ್ರವಾರದ ಪಂದ್ಯ ರುಫರ್ಡ್‌ನಲ್ಲಿ, ತೊಂಬತ್ತು ಮೈಲಿ ದೂರ. ಅಮ್ಮನಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಅಪ್ಪ ಬೀಟು ಕೀಳುವ ಕಾಲದಲ್ಲಿ ಲಾರಿಯಿಂದ ಇಳಿಯುವುದು ಅಪರೂಪ. ತಂಡದ ಬಸ್ಸಿನಲ್ಲಿ ನನ್ನ ವೇಷವೇ ಹಿಡಿಸುವುದಿಲ್ಲ, ತಾತ ಹಿಡಿಸುವುದೆಲ್ಲಿಂದ ಬಂತು. ಆದ್ದರಿಂದ ನನ್ನ ಹದಿನಾರನೆಯ ವಯಸ್ಸು, ತಾತನ ಹಳೆಯ ಕಾರು, ತಮ್ಮ ಒಂದು ಸಹಿ, ಈ ಮೂರರ ಮೇಲೆ ಐವತ್ತಮೂರು ವರ್ಷದ ದಾಖಲೆ ನಿಂತಿತ್ತು.

ಮಂಗಳವಾರ ನಾನು ಓಡಿಸಿದ ರೀತಿಯನ್ನು ತಾವೇ ಮೆಚ್ಚಿದಿರಿ; ಕಡೇಪಕ್ಷ ಬಾಗಿಲಿನ ಹಿಡಿಕೆಯಿಂದ ಕೈ ತೆಗೆದಿರಿ. ಉಳಿದದ್ದು ಕಿತ್ತಳೆ ಬಣ್ಣದ ಶಂಕುಗಳ ನಡುವೆ, ಬಿಳಿ ಗೆರೆ ಮುಟ್ಟದಂತೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸುವುದೊಂದೇ. ನಾನು ಕತ್ತು ತಿರುಗಿಸಿ, ನಾಲಿಗೆ ಕಚ್ಚಿ, ಕಾರನ್ನು ಬೆಣ್ಣೆಯಂತೆ ಒಳಗೆ ಜಾರಿಸುತ್ತಿದ್ದಾಗ ತಾವು ಸೀನಿದಿರಿ. ಅದನ್ನು ಸೀನು ಎಂದು ಕರೆಯುವುದು ಅದಕ್ಕೇ ಅವಮಾನ. ಕೋರ್ಟಿನ ಮೇಲಿನ ಪಾರಿವಾಳಗಳು ಎದ್ದು ಹೋದವು. ಹಿಂದಿನ ಬಲ ಟೈರು ಗೆರೆಯ ಮೇಲೆ ನಿಂತಿತು.

ಕೆಳಗಿಳಿದು ನೋಡಿ ತಾವು ನುಡಿದದ್ದು ಎರಡೇ ಮಾತು: “ಗೆರೆ ಮುಟ್ತು. ಹೊರಗೆ.” ನಾನು ಸವಿನಯವಾಗಿ, “ಸಾರ್, ನನ್ನನ್ನ ತಳ್ಳಿದ್ದು ನೀವು” ಎಂದೆ. ತಾವು ಬರೆಯುತ್ತಲೇ ಇದ್ದಿರಿ. “ಸಾರ್, ಆಟದಲ್ಲಿ ಎರಡು ಕಾಲಲ್ಲಿ ಒಂದು ಒಳಗಿದ್ರೆ ಸಾಕು. ನಂದು ನಾಲ್ಕರಲ್ಲಿ ಮೂರು ಒಳಗಿದೆ” ಎಂದೆ. “ಹೊರಗಿರೋದು ಗೆರೆ ಮುಟ್ಟಿದ್ಯಲ್ಲ, ತಮ್ಮಾ” ಎಂದಿರಿ. ಬೇರೆ ದಾರಿ ಕಾಣದೆ, ಟಿವಿಯಲ್ಲಿ ದೊಡ್ಡ ತಂಡಗಳ ತರಬೇತುದಾರರು ತೀರ್ಪನ್ನು ಪ್ರಶ್ನಿಸಲು ಕೆಂಪು ಬಟ್ಟೆ ಎಸೆಯುವಂತೆ, ನನ್ನ ಕೆಂಪು ಟೋಪಿಯನ್ನು ಕಿಟಕಿಯಿಂದ ಎಸೆದೆ. ತಾವು ಅದನ್ನು ನೋಡಿ, ರಸ್ತೆಯಲ್ಲಿ ಕಸ ಹಾಕಿದ್ದಕ್ಕೆ ಇನ್ನೊಂದು ಸಾಲು ಸೇರಿಸಿದಿರಿ.

ಇಂಥ ನಿಷ್ಪಕ್ಷಪಾತವನ್ನು ನಾನು ಬೇರೆಲ್ಲೂ ಕಂಡಿಲ್ಲ, ಕಾಣುವ ಇಚ್ಛೆಯೂ ಇಲ್ಲ. ಆದರೂ ಮಾನ್ಯರೇ, ಒಬ್ಬನೇ ಮನುಷ್ಯ ಎರಡು ಗೆರೆಗೆ ಒಂದೇ ನ್ಯಾಯ ಹೇಳಿದರೆ ಬಡವರು ಬದುಕುವುದು ಹೇಗೆ? ಆದ್ದರಿಂದ ಹುಲ್ಲಿನ ಮೇಲೆ ನಿಯಮ ಕಾವಲಿನವರ ಪರವಾಗಿಯೂ, ಡಾಂಬರಿನ ಮೇಲೆ ದಾಳಿಯವರ, ಅಂದರೆ ಸ್ಟಿಯರಿಂಗ್ ಹಿಡಿದವರ ಪರವಾಗಿಯೂ ಇರತಕ್ಕದ್ದೆಂದು ಆಜ್ಞೆ ಹೊರಡಿಸಬೇಕು. ಮುಂದಿನ ಪರೀಕ್ಷೆಗೆ ಮೈದಾನದಿಂದ, ಚೆಂಡು ಸಾಗಿದ ದೂರ ಅಳೆಯಲು ಹತ್ತು ಗಜದ ಸರಪಳಿ ಹಿಡಿಯುವ ಮೂವರನ್ನೂ ಕರೆಸಿ ಟೈರಿನ ಸ್ಥಾನ ಅಳೆಸಬೇಕು. ಪರೀಕ್ಷಾಧಿಕಾರಿಗಳ ಮೂಗಿಗೆ ಮುಂಚಿತವಾಗಿ ಎಚ್ಚರಿಕೆಯ ಸೀಟಿ ಊದಿಸಬೇಕು. ಸೀನದಿದ್ದರೆ ಕಾರು ಎಲ್ಲಿ ನಿಲ್ಲುತ್ತಿತ್ತು ಎಂದು ತಾವು ಕಣ್ಣು ಮುಚ್ಚಿ, ತಲೆ ಉಪಯೋಗಿಸಿ, ತಾತನ ಕಾಲದ ತೀರ್ಪುಗಾರರಂತೆ ಊಹಿಸಬೇಕು. ಶನಿವಾರ ನಾನು ಆಡಿದ ಹನ್ನೊಂದು ನಿಮಿಷಗಳನ್ನು ಹೋಟೆಲಿನ ನೆನಪಿನಿಂದ ಅಳಿಸಿಹಾಕಬೇಕು. ಇವೆಲ್ಲ ಶುಕ್ರವಾರ ಮಧ್ಯಾಹ್ನ ಮೂರರೊಳಗೆ ಆಗಬೇಕು.

ಫಲಿತಾಂಶ ಹೇಳಿದಾಗ ತಾತ ನನ್ನನ್ನು ಗೇಲಿ ಮಾಡುತ್ತಾರೆಂದುಕೊಂಡಿದ್ದೆ. ಮಾಡಲಿಲ್ಲ. “ರೇಡಿಯೋದಲ್ಲಿ ಬರುತ್ತೆ ಬಿಡೋ” ಎಂದು, ಬೆಂಚಿನ ಮೇಲೆ ಹಾಸುವ ಅವರ ಕೆಂಪು ದಿಂಬನ್ನು ಬಾಗಿಲ ಬಳಿಯಿಂದ ತೆಗೆದು ಕಪಾಟಿನಲ್ಲಿಟ್ಟರು. ಅವರು ಗೇಲಿ ಮಾಡಿದ್ದರೆ ಈ ಪತ್ರ ಅರ್ಧಕ್ಕೇ ಮುಗಿಯುತ್ತಿತ್ತು.

ತಮ್ಮ ಎರಡು ಮೊಟ್ಟೆಗಳು ಆರುವ ಮುನ್ನ ಉತ್ತರ ಬರುವುದೆಂಬ ಭರವಸೆಯಲ್ಲಿ,

ತಮ್ಮ ವಿಶ್ವಾಸಿ,
ವೆಂಡೆಲ್ ಸೆಡ್ಲಾಕ್
(ನಾಲ್ಕರಲ್ಲಿ ಮೂರು ಚಕ್ರ ಒಳಗಿದ್ದವನು)

ತಾ.ಕ.: ಗುರುವಾರ ಸೇರಿಸಿದ್ದು. ತಾವು ಇದನ್ನು ನಿಂತು ಪೂರ್ತಿ ಓದಿ, ಮೂರು ಕಾಗುಣಿತದ ತಪ್ಪಿಗೆ ಗೆರೆ ಎಳೆದು, ಕೊನೆಯ ಪಿನ್ನನ್ನು ನೆಟ್ಟಗೆ ಮಾಡಿ ಹೋದಿರೆಂದು ಅರ್ಲೀನ್ ತಿಳಿಸಿದರು. ಗೆರೆ ಎಳೆಯುವ ಕೈಗೆ ಬಿಡುವಿಲ್ಲವೆಂದು ತಿಳಿದು ಸಂತೋಷವಾಯಿತು. ಆಮೇಲೆ ನಮ್ಮ ಮನೆಗೆ ಫೋನು ಮಾಡಿ, ನಾಳೆ ರುಫರ್ಡ್ ಪಂದ್ಯಕ್ಕೂ ತಮ್ಮನ್ನೇ ಕರೆದಿದ್ದಾರೆ, ಮುಂದಿನ ಸೀಟು ಖಾಲಿಯಿದೆ ಎಂದು ತಾತನಿಗೆ ಹೇಳಿದಿರಂತೆ. ತೊಂಬತ್ತು ಮೈಲಿಯೂ ನಿಯಮದ ಮಾತು ಎತ್ತಬಾರದೆಂಬ ಷರತ್ತಿಗೆ ಅವರು ಒಪ್ಪಿದ್ದಾರೆ. ಮೊದಲ ನಾಲ್ಕು ಮೈಲಿ ಖಂಡಿತ ಪಾಲಿಸುತ್ತಾರೆ. ಹಿಂದಿನ ಸೀಟಿನಲ್ಲಿ ಬೀಟನ್ನು ಮಡಿಚಿಟ್ಟುಕೊಂಡು ನಾನೂ ಬರಬಹುದೆಂದಿರಂತೆ. ಬರುತ್ತೇನೆ. ತಮ್ಮ ಕತ್ತಿನ ಹಿಂದೆ ಅಷ್ಟು ದೂರ ಸುಮ್ಮನೆ ಕೂರಬೇಕಾದ್ದರಿಂದ ಒಂದು ಸಣ್ಣ ವಿಷಯವನ್ನು ಇಲ್ಲೇ ಬರೆದುಬಿಡುತ್ತೇನೆ.

ಟೈರು ಗೆರೆ ಹತ್ತಿದ ಮೇಲೆ ತಾವು ಸೀನಿದ್ದು.