ಇಳಿಯುತ್ತಿರುವ ಗೆರೆ

ತಾನು ಬರೆದ ವರದಿಯನ್ನು ಹೆಂಡತಿಗೆ ಓದಿ ಹೇಳಬಾರದೆಂಬ ನಿಯಮ ಯಾವ ಕಚೇರಿಯ ಕೈಪಿಡಿಯಲ್ಲಿಯೂ ಇಲ್ಲ. ಇರಬೇಕಾಗಿತ್ತು.

ಅಂಕಿಅಂಶ ಇಲಾಖೆಯ ಆ ಗುಮಾಸ್ತನನ್ನು ಎಲ್ಲರೂ ಸರಾಸರಿ ಎಂದೇ ಕರೆಯುತ್ತಿದ್ದರು. ಎತ್ತರ, ತೂಕ, ಸಂಬಳ, ಧೈರ್ಯ, ಇವು ಯಾವುದರಲ್ಲಿಯೂ ಅವನು ನಡುವಿನ ಗೆರೆಯಿಂದ ಆಚೀಚೆ ಸರಿದವನಲ್ಲ. ನೌಕರರ ದುಡಿಮೆಯ ಗಂಟೆಗಳು ಅರವತ್ತು ವರ್ಷಗಳಲ್ಲಿ ಏರಿದವೋ ಇಳಿದವೋ ಎಂದು ಲೆಕ್ಕ ಹಾಕುವ ಕೆಲಸವನ್ನು ಅವನಿಗೆ ಒಪ್ಪಿಸಲಾಗಿತ್ತು. ಎರಡು ವರ್ಷ ಲೆಕ್ಕ ಹಾಕಿದ. ಆ ಎರಡು ವರ್ಷವೂ ಬೆಳಿಗ್ಗೆ ಎಂಟಕ್ಕೆ ಹೊರಟವನು ರಾತ್ರಿ ಒಂಬತ್ತಕ್ಕೆ ಮೊದಲು ಮನೆ ಸೇರಲಿಲ್ಲ. ತನ್ನ ಮಗಳು ಕಣ್ಣು ಮುಚ್ಚಿದಾಗ ಹೇಗಿರುತ್ತಾಳೆಂಬುದನ್ನು ಅವನು ಚೆನ್ನಾಗಿ ಬಲ್ಲ. ತೆರೆದಾಗ ಹೇಗಿರುತ್ತಾಳೆಂಬುದು ಅಷ್ಟಾಗಿ ತಿಳಿಯದು.

ವರದಿ ಮುಗಿಯುತ್ತ ಬಂದಿತ್ತು. ಆ ಬೆಳಿಗ್ಗೆ ಕಾಫಿಯ ಲೋಟ ಕೆಳಗಿಟ್ಟು ಅವನು ಗಂಭೀರವಾಗಿ ಓದಿದ: “ಅರವತ್ತು ವರ್ಷಗಳ ಹಿಂದೆ ನಮ್ಮ ನೌಕರನು ದಿನಕ್ಕೆ ಹತ್ತು ಗಂಟೆ ದುಡಿಯುತ್ತಿದ್ದನು. ಈಗ ಏಳೂವರೆ ಗಂಟೆ ದುಡಿಯುತ್ತಾನೆ. ಗೆರೆಯು ಸತತವಾಗಿ ಇಳಿಯುತ್ತಿದೆ.” ಓದಿ, ಹೊಗಳಿಕೆಗಾಗಿ ತಲೆಯೆತ್ತಿದ.

ಹೆಂಡತಿ ಬಾಣಲೆ ಉಜ್ಜುವುದನ್ನು ನಿಲ್ಲಿಸಿದಳು.

“ಏಳೂವರೆ ಗಂಟೆನಾ?”

“ಏಳೂವರೆ.”

“ನೀವು ಮನೆ ಬಿಟ್ಟಿರೋದು ಹದಿಮೂರು ಗಂಟೆ. ಉಳಿದ ಐದೂವರೆ ಎಲ್ಲಿ ಕಳೀತೀರಿ?”

ಪ್ರಶ್ನೆ ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಕಳೆಯುವ ಲೆಕ್ಕ ಮಾತ್ರ ಸರಿಯಾಗಿತ್ತು.

“ಅದು ಸರಾಸರಿ ಕಣೇ. ಒಬ್ಬ ಜಾಸ್ತಿ ದುಡೀತಾನೆ, ಒಬ್ಬ ಕಮ್ಮಿ. ಎಲ್ಲಾ ಸೇರಿಸಿ ಭಾಗಿಸಿದಾಗ...”

“ಊರಿನೋರು ಸರಾಸರಿ ಅನ್ನೋದು ಯಾರನ್ನ? ನಿಮ್ಮನ್ನೇ ತಾನೆ?”

ಎದುರುಮನೆಯ ಅಂಚೆಯವನ ಹೆಂಡತಿ ಪಾತ್ರೆಯೊಂದನ್ನು ಹಿಂದಿರುಗಿಸುವ ನೆವದಲ್ಲಿ ಅಷ್ಟರಲ್ಲೇ ಒಳಗೆ ಬಂದಳು. ಎರಡು ಮಾತು ಕೇಳಿದರೆ ಇಪ್ಪತ್ತನ್ನು ಊಹಿಸಬಲ್ಲ ಹೆಂಗಸು.

“ನಮ್ಮೋರನ್ನ ನೋಡಮ್ಮ, ಮೂರಕ್ಕೆಲ್ಲ ಮನೇಲಿರ್ತಾರೆ. ಮೂರೂ ಹತ್ತಕ್ಕೆ ಗೊರಕೆ. ನಾನು ಹೇಳ್ಬಾರ್ದು, ಆದ್ರೂ ಹೇಳ್ತೀನಿ. ದಿನಕ್ಕೆ ಐದೂವರೆ ಗಂಟೆ ಅಂದ್ರೆ ಇನ್ನೊಂದು ಸಂಸಾರಾನೇ ನಡೆಸಬಹುದು.”

“ಅತ್ತಿಗೆ, ನೀವು ಸುಮ್ನಿರಿ,” ಎಂದ ಸರಾಸರಿ.

“ನಾನು ಸುಮ್ನೇ ಇದೀನಿ ಅಣ್ಣ. ಮಾತಾಡ್ತಿರೋದು ನಿಮ್ಮ ಕಾಗದ.”

ಹೆಂಡತಿ ಕೈ ಒರೆಸಿಕೊಂಡಳು. ಅವಳು ದನಿ ಏರಿಸಲಿಲ್ಲ; ಅವನು ಹೆದರಿದ್ದು ಅದಕ್ಕೆ.

“ಇವತ್ತು ಸಂಜೆ ಆರೂವರೆ ಬಸ್ಸಿಗೆ ನಾನೂ ಮಗೂನೂ ಅಮ್ಮನ ಮನೆಗೆ ಹೊರಡ್ತೀವಿ. ದಿನಾ ಕಚೇರೀಲೇ ಇದ್ರಿ ಅನ್ನೋದಕ್ಕೆ ಅಷ್ಟರೊಳಗೆ ಏನಾದ್ರೂ ಸಾಕ್ಷಿ ತನ್ನಿ, ಉಳ್ಕೋತೀವಿ. ಬರೀ ಬಾಯಿಮಾತು ಬೇಡ.”

“ಹೋದ್ರೆ ವಾಪಸ್ ಯಾವಾಗ ಬರ್ತೀರಿ?”

“ಲೆಕ್ಕ ನಿಮಗೆ ತಾನೆ ಚೆನ್ನಾಗಿ ಬರೋದು? ಹಾಕ್ಕೊಳ್ಳಿ.”

ಸಾಕ್ಷಿ ತರುವುದು ಸುಲಭವೆಂದೇ ಅವನು ಮೊದಲು ಭಾವಿಸಿದ. ಕಚೇರಿಯ ಬಾಗಿಲಲ್ಲಿ ಬೆರಳೊತ್ತುವ ಹಾಜರಿ ಯಂತ್ರವಿತ್ತು. ಹೋದವನೇ ತನ್ನ ಹಾಜರಿಯ ಒಂದು ಪ್ರತಿಯನ್ನು ತೆಗೆಸಿಕೊಂಡ. ಓದುತ್ತಿದ್ದಂತೆ ಅವನ ಮುಖವು ಒರೆಸಿದ ಹಲಗೆಯಂತಾಯಿತು. ಪ್ರತಿ ಸಂಜೆಯೂ ಸರಿಯಾಗಿ ಐದು ಗಂಟೆಗೆ ಅವನು ಹೊರಗೆ ಹೋಗಿದ್ದ.

ಹೋಗಿದ್ದು ಬೆರಳು ಮಾತ್ರ. ದುಡಿಮೆಯ ಗಂಟೆ ಇಳಿಯುತ್ತಿದೆ ಎಂದು ಸಾರುವ ಇಲಾಖೆಯಲ್ಲಿಯೇ ಜನ ಹೊತ್ತು ಮೀರಿ ಕುಳಿತಿದ್ದರೆ ಶೋಭಿಸುವುದಿಲ್ಲವೆಂಬುದು ನಿರ್ದೇಶಕರ ಅಭಿಪ್ರಾಯ. ಆದುದರಿಂದ ಐದಕ್ಕೆ ಗಂಟೆ ಬಾರಿಸಿದೊಡನೆ ಎಲ್ಲರೂ ಸಾಲಾಗಿ ಬಂದು ಬೆರಳೊತ್ತುವರು; ಸಾಲಾಗಿಯೇ ಮರಳಿ ತಮ್ಮ ಕುರ್ಚಿಗಳಲ್ಲಿ ಕೂರುವರು. ಈ ಪದ್ಧತಿ ಎಷ್ಟು ರೂಢಿಯಾಗಿತ್ತೆಂದರೆ, ಅದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಆ ದಿನದವರೆಗೆ ಸರಾಸರಿಗೆ ಹೊಳೆದಿರಲಿಲ್ಲ. ಬೇರೆ ಕಚೇರಿಗಳಿಂದ ಬಂದ ಅಂಕಿಗಳೂ ಇಂಥವೇ ಯಂತ್ರಗಳಿಂದ ಬಂದವಲ್ಲವೇ ಎಂಬ ಯೋಚನೆಯೊಂದು ಬಾಗಿಲು ತಟ್ಟಿತು. ಅವನು ತೆರೆಯಲಿಲ್ಲ.

ಪಕ್ಕದ ಮೇಜಿನವನ ಬಳಿಗೆ ಹೋದ. “ನಾನು ರಾತ್ರಿವರೆಗೂ ಇಲ್ಲೇ ಇರ್ತೀನಿ ಅಂತ ಫೋನಲ್ಲಿ ನನ್ನ ಹೆಂಡ್ತಿಗೆ ಒಂದು ಮಾತು ಹೇಳಪ್ಪ.”

“ಹೇಗೆ ಹೇಳಲಿ ಸಾರ್? ಐದಾದ ಮೇಲೆ ನಾನೇ ಇಲ್ಲಿರಲ್ವಲ್ಲ.”

“ನಿನ್ನೆ ಎಂಟು ಗಂಟೆಗೆ ನನ್ನ ಹತ್ರ ಗುಂಡುಪಿನ್ನು ಇಸ್ಕೊಂಡೆ.”

“ಇಲ್ಲದೋನು ಪಿನ್ನು ಹೇಗೆ ಇಸ್ಕೊಳ್ತಾನೆ ಸಾರ್? ನನಗೂ ಮಕ್ಕಳಿದ್ದಾವೆ. ಬಿಟ್ಬಿಡಿ.”

ಉಳಿದದ್ದು ನಿರ್ದೇಶಕರ ಕೋಣೆ. ಅವರು ತಾಳ್ಮೆಯಿಂದಲೇ ಕೇಳಿದರು. ತಾಳ್ಮೆಯಿಂದ ಕೇಳುವ ಅಧಿಕಾರಿ ಏನನ್ನೂ ಕೊಡುವವನಲ್ಲ.

“ನೀವು ರಾತ್ರಿವರೆಗೆ ಇರ್ತೀರಿ ಅಂತ ನಾನು ಬರೆದುಕೊಟ್ಟೆ ಅಂತಿಟ್ಕೊಳ್ಳಿ. ನಿಮ್ಮದು ಹಾಗಾದ್ರೆ ಎಲ್ಲರದ್ದೂ ಹಾಗೇ ಆಗ್ಬೇಕು. ಆಗ ಗೆರೆ ಏನಾಗುತ್ತೆ?”

“ಏರುತ್ತೆ ಸಾರ್.”

“ನಾಳೆ ಬಿಡುಗಡೆ ಮಾಡೋ ವರದೀಲಿ?”

“ಇಳಿಯುತ್ತೆ ಸಾರ್.”

“ಮತ್ತೆ? ಒಂದು ಸಂಸಾರಕ್ಕೋಸ್ಕರ ದೇಶದ ಗೆರೇನ ಮೇಲೆತ್ತೋಕಾಗುತ್ತಾ? ಹೋಗಿ, ಕೆಲಸ ನೋಡಿ.”

ಐದರ ಗಂಟೆ ಬಾರಿಸಿತು. ಸಾಲಿನಲ್ಲಿ ನಿಂತಿದ್ದಾಗ ಸರಾಸರಿಗೆ ಒಂದು ಯೋಚನೆ ಹುಟ್ಟಿತು. ಅವನ ಬಾಳಿನಲ್ಲಿ ನಡುಗೆರೆಯನ್ನು ಬಿಟ್ಟು ಹೊರಗೆ ಹುಟ್ಟಿದ ಮೊದಲ ಯೋಚನೆ ಅದು. ಸಾಕ್ಷಿಯನ್ನು ಒಯ್ಯಲಾಗದಿದ್ದರೂ ತನ್ನನ್ನೇ ಒಯ್ಯಬಹುದಲ್ಲ. ಹೊತ್ತಿಗೆ ಮುಂಚೆ ಹೋಗಿ ಎದುರಿಗೆ ನಿಂತು, ಇನ್ನು ದಿನವೂ ಹೀಗೆಯೇ ಬರುತ್ತೇನೆ ಎಂದರೆ ಯಾವ ಹೆಂಡತಿ ಬಸ್ಸು ಹತ್ತುತ್ತಾಳೆ? ಬೆರಳೊತ್ತಿದ. ಎಲ್ಲರೂ ಬಲಕ್ಕೆ ತಿರುಗಿದರು. ಅವನು ಎಡಕ್ಕೆ ತಿರುಗಿದ.

“ಸಾರ್, ಒಳಗೆ ಹೋಗೋ ದಾರಿ ಆ ಕಡೆ,” ಎಂದ ಕಾವಲುಗಾರ ಕನಿಕರದಿಂದ.

ಹೊರಗೆ ಬಿಸಿಲಿತ್ತು. ಸಂಜೆಯ ಬಿಸಿಲನ್ನು ಅವನು ಮರೆತೇಬಿಟ್ಟಿದ್ದ. ಸಾಲ ಕೊಟ್ಟವನನ್ನು ಕಂಡವನಂತೆ ಕಣ್ಣು ಕಿರಿದುಮಾಡಿಕೊಂಡು ನಡೆದ. ಎಲ್ಲ ಕಚೇರಿಗಳೂ ಬಿಡುವ ಹೊತ್ತು ಅದು, ದಾಖಲೆಯ ಪ್ರಕಾರ. ಬಸ್ಸು ಮಾತ್ರ ಖಾಲಿಯಾಗಿತ್ತು. ಮುಂದಿನ ಆಸನದಲ್ಲಿ ಮುದುಕಿಯೊಬ್ಬಳು, ಹಿಂದೆ ಅವನು.

ಟಿಕೆಟ್ ಹರಿದುಕೊಟ್ಟ ನಿರ್ವಾಹಕ ಅವನ ಮುಖವನ್ನೇ ನೋಡಿದ. “ಏನ್ ಸಾರ್, ಮೈಗೆ ಹುಷಾರಿಲ್ವಾ? ಇಷ್ಟು ಬೇಗ ಹೊರಟಿದ್ದೀರಿ.”

ಮನೆ ತಲುಪಿದಾಗ ಆರಕ್ಕೆ ಇನ್ನೂ ಕಾಲು ಗಂಟೆಯಿತ್ತು. ಬಾಗಿಲಿಗೆ ಬೀಗ ಬಿದ್ದಿತ್ತು.

ಎದುರುಮನೆಯ ಕಿಟಕಿ ತೆರೆಯಿತು. “ಅಯ್ಯೋ ಅಣ್ಣ, ನೀವಿಲ್ಲಿ? ಅವಳು ನಿಮ್ಮ ಕಚೇರಿಗೇ ಹೋದಳಲ್ಲ.”

“ಕಚೇರಿಗಾ? ಯಾಕೆ?”

“ಮಧ್ಯಾಹ್ನವೆಲ್ಲ ಅತ್ತಳು. ಆಮೇಲೆ, ‘ಅಕ್ಕಾ, ಸಾಕ್ಷೀನೂ ಬೇಡ, ಕಾಗದಾನೂ ಬೇಡ, ಐದಾದ ಮೇಲೆ ಹೋಗಿ ನೋಡ್ತೀನಿ, ಕುರ್ಚೀಲಿ ಕೂತಿದ್ರೆ ಸಾಕು, ಕಾಲಿಗೆ ಬಿದ್ದು ಕರ್ಕೊಂಡು ಬರ್ತೀನಿ’ ಅಂದ್ಳು. ಮಗೂನ ಎತ್ಕೊಂಡು, ಚೀಲಾನೂ ಹಿಡ್ಕೊಂಡು ಹೋದ್ಳು. ಬಸ್ ನಿಲ್ದಾಣ ಅಲ್ಲೇ ಪಕ್ಕದಲ್ಲಂತೆ, ಒಂದು ವೇಳೆ ಹೋಗ್ಬೇಕಾಗಿ ಬಂದ್ರೆ ಚೀಲ ಇರಲಿ ಅಂತ.”

ಅವನು ಫೋನ್ ಒತ್ತಿದ. ಹೆಂಡತಿ ಕೂಡಲೇ ಎತ್ತಿದಳು. ಹಿಂದೆ ಕಾಗದಗಳ ಸದ್ದು, ಯಾರದೋ ಕೆಮ್ಮು, ಮುದ್ರಣಯಂತ್ರದ ಗುರುಗುರು ಕೇಳಿಸುತ್ತಿತ್ತು.

“ನಾನು ಮನೇಲಿದೀನಿ ಕಣೇ. ನಿನಗೋಸ್ಕರ ಇವತ್ತೊಂದಿನ ಬೇಗ...”

“ಇಲ್ಲಿ ಎಲ್ಲರೂ ಕೂತಿದಾರೆ ರೀ,” ಎಂದಳು ಅವಳು, ನಿಧಾನವಾಗಿ. “ತಲೆ ಎತ್ತದೆ ದುಡೀತಿದಾರೆ, ಪಾಪ. ಒಂದೇ ಒಂದು ಕುರ್ಚಿ ಖಾಲಿ ಇದೆ.”

“ಇವತ್ತು ಮಾತ್ರ. ಪಕ್ಕದ ಮೇಜಿನವನನ್ನ ಕೇಳು.”

“ಕೇಳ್ದೆ. ದಿನಾ ಐದಕ್ಕೇ ಹೋಗ್ತಾರೆ ಅಂದ್ರು. ಹಾಜರೀನೂ ತೋರಿಸಿದ್ರು. ಬೆಳಿಗ್ಗೆ ನನಗೆ ಬರೀ ಅನುಮಾನ ಇತ್ತು ರೀ. ಅದು ಸುಳ್ಳು ಅಂತ ಕಣ್ಣಾರೆ ನೋಡೋಣ ಅಂತಾನೇ ಬಂದಿದ್ದೆ. ಮಗೂನ ಎತ್ಕೊಂಡು ಕೈ ನೋಯ್ತಿದೆ, ಇಡ್ತೀನಿ.”

ಮತ್ತೆ ಮಾಡಿದಾಗ ಅವಳು ಎತ್ತಲಿಲ್ಲ. ಮೂರನೆಯ ಸಲಕ್ಕೆ ಮೊದಲೇ ಫೋನ್ ತಾನಾಗಿ ಬಡಿದುಕೊಂಡಿತು. ನಿರ್ದೇಶಕರು.

“ನಿಮ್ಮ ಮನೆಯೋರು ಬಂದಿದ್ರು. ಒಳ್ಳೇ ಹೆಣ್ಣುಮಗಳು. ನಮ್ಮಲ್ಲಿ ಐದಾದ ಮೇಲೆ ಯಾರನ್ನೂ ಇಟ್ಕೊಳಲ್ಲಮ್ಮ, ಇವರೆಲ್ಲ ತಾವಾಗೇ ಇಷ್ಟಪಟ್ಟು ಕೂತಿದಾರೆ ಅಂತ ನಾನೇ ಸ್ಪಷ್ಟವಾಗಿ ತಿಳಿಸಿದೆ. ನಿಲ್ದಾಣದ ದಾರೀನೂ ತೋರಿಸಿ ಕಳಿಸಿದೆ. ಅದಿರಲಿ, ನೀವೆಲ್ಲಿ? ಬೇಗ ಬನ್ನಿ. ರಾತ್ರಿ ಎಷ್ಟು ಹೊತ್ತಾದ್ರೂ ಸರಿ, ವರದಿ ಇವತ್ತೇ ಮುಗೀಬೇಕು.”

ಸರಾಸರಿ ಬೀಗವನ್ನೊಮ್ಮೆ ಎಳೆದು ನೋಡಿದ. ಕೀಲಿಕೈ ಅವಳ ಚೀಲದಲ್ಲಿತ್ತು. ಹೋಗಲು ಬೇರೆ ಸ್ಥಳವಿಲ್ಲದುದರಿಂದ ಅವನು ಕಚೇರಿಗೆ ಹೋದ.